ಬೇಕಲವೋ, ಮಿರ್ಜಾನೋ?

ಮಂಗಳೂರಿನಿಂದ ಒಂದೇ ದಿನದಲ್ಲಿ ಕೋಟೆ ನೋಡಿ ಬರೋಣ ಅಂದರೆ ಎರಡು ದಾರಿ. ತೆಂಕಕ್ಕೆ ಹೋದರೆ ಬೇಕಲ, ಬಡಗಕ್ಕೆ ಹೋದರೆ ಕುಮಟಾ ಹತ್ತಿರದ ಮಿರ್ಜಾನ್. ಬೇಕಲಕ್ಕೆ ನಾನು ಹೋದದ್ದು ಏಪ್ರಿಲ್‌ನಲ್ಲಿ, ಮಿರ್ಜಾನ್‌ಗೆ ಆಗಸ್ಟ್‌ನಲ್ಲಿ. ಹಾಗಾಗಿ ಈ ಹೋಲಿಕೆಯಲ್ಲಿ ಬೇಕಲಕ್ಕೆ ಸ್ವಲ್ಪ ಅನ್ಯಾಯ ಆಗಿದೆ, ಮೊದಲೇ ಹೇಳಿಬಿಡುತ್ತೇನೆ. ಎರಡೂ ಸಲ ಜೊತೆಗಿದ್ದದ್ದು ಅಮ್ಮ, ಮತ್ತೆ ಅವರ ಮಂಡಿನೋವು.

ಬೇಕಲ ಹತ್ತಿರ. ಕಾಸರಗೋಡಿನಲ್ಲಿ ರೈಲಿಳಿದು ಹೊಸದುರ್ಗದ ಬಸ್ಸು ಹತ್ತಿದೆವು. ಚಂದ್ರಗಿರಿ ಸೇತುವೆ ದಾಟಿ ಹೋಗುವ ಬಸ್ಸೇ ಬೇಕು, ಹೆದ್ದಾರಿ ಮೇಲಿನದ್ದು ಹತ್ತಿದರೆ ಕೆಟ್ಟಿರಿ. ಬಾಗಿಲಲ್ಲೇ ಮುಖ್ಯಪ್ರಾಣನ ಗುಡಿ. ಅಮ್ಮ ಕೈಮುಗಿದರು, ನಾನು ಟಿಕೆಟ್ ತೆಗೆದೆ. ಒಳಗೆ ಹೋದರೆ ನಲವತ್ತು ಎಕರೆ ಬಯಲು. ಅರಮನೆ ಅಂತ ಹುಡುಕಬೇಡಿ, ಇಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಇದನ್ನು ಕಟ್ಟಿಸಿದ್ದು ಕಾವಲಿಗೆ. ಆಮೇಲೆ ಹೈದರ್, ಟಿಪ್ಪು ಬಳಸಿದ್ದೂ ಅದಕ್ಕೇ.

ಬೇಕಲದಲ್ಲಿ ನೋಡಬೇಕಾದದ್ದು ಗೋಡೆಯ ಕಿಂಡಿಗಳು. ಸುಮ್ನೆ ಫೋಟೋ ಹೊಡೆದು ಮುಂದೆ ಹೋಗಬೇಡಿ, ಬಗ್ಗಿ ಕಣ್ಣಿಟ್ಟು ನೋಡಿ. ಮೇಲಿನ ಕಿಂಡಿಯಲ್ಲಿ ದೂರದ ಕಡಲು ಕಾಣುತ್ತದೆ. ಅದರ ಕೆಳಗಿನದರಲ್ಲಿ ಅಲೆ ಒಡೆಯುವ ಜಾಗ. ಎಲ್ಲಕ್ಕಿಂತ ಕೆಳಗಿನದರಲ್ಲಿ ಗೋಡೆಯ ಬುಡ. ಶತ್ರು ಎಷ್ಟು ಹತ್ತಿರ ಬಂದರೂ ಅವನಿಗೊಂದು ಕಿಂಡಿ ಇಟ್ಟಿದ್ದಾರೆ! ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲ ಬದಲು ಅಗಲವಾದ ಇಳಿಜಾರು ದಾರಿ. ಅಮ್ಮ ನಿಧಾನಕ್ಕೆ ಹತ್ತಿಯೇಬಿಟ್ಟರು. ಆದರೆ ಹನ್ನೊಂದು ಗಂಟೆಯ ಬಿಸಿಲು ಅಂದರೆ ಬಿಸಿಲೇ. ಕಡಲಗಾಳಿ ಬುರುಜಿನ ಮೇಲೆ ಮಾತ್ರ, ಬಯಲಿಗಿಳಿದರೆ ನೆರಳಿಲ್ಲ. ತಂದ ನೀರು ಅರ್ಧ ಗಂಟೆಯಲ್ಲಿ ಖಾಲಿ. ಅಮ್ಮ "ನನ್ನನ್ನು ಹಪ್ಪಳ ಮಾಡ್ಲಿಕ್ಕೆ ಕರ್ಕೊಂಡು ಬಂದದ್ದಾ?" ಅಂದರು.

ಮಿರ್ಜಾನ್ ದೂರ, ಕಾರಲ್ಲಿ ಹೋಗಿ ಬರುವುದರಲ್ಲೇ ಅರ್ಧ ದಿನ ಹೋಯಿತು. ಹೆದ್ದಾರಿಯಿಂದ ಒಳಗೆ ತಿರುಗಿದರೆ ಕೋಟೆ ಬಂದೇಬಿಡುತ್ತದೆ. ಟಿಕೆಟ್ ಇರಲಿಲ್ಲ. ಇಲ್ಲಿ ಕಡಲು ಕಾಣುವುದಿಲ್ಲ, ಇದು ಅಘನಾಶಿನಿ ಹೊಳೆಯ ಕಡೆಯ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸು ಹಡಗೇರುತ್ತಿದ್ದದ್ದು ಈ ಸೀಮೆಯಿಂದ. ಪೋರ್ಚುಗೀಸರು ಅವಳನ್ನು ಕರೆದದ್ದೇ ಮೆಣಸಿನ ರಾಣಿ ಅಂತ. ಅವಳನ್ನು ಸೋಲಿಸಿದ್ದೂ ಕೆಳದಿಯವರೇ. ಅಲ್ಲಿಗೆ ಎರಡು ಕೋಟೆಗೂ ನಂಟು ಬಂತು, ಅಲ್ವಾ?

ಎರಡಕ್ಕೂ ಕಲ್ಲು ಒಂದೇ. ನಾವು ಕೆಂಪುಕಲ್ಲು ಅನ್ನುತ್ತೇವೆ, ಕುಮಟಾದವರು ಚಿರೇಕಲ್ಲು. ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಮೈತುಂಬ ತೂತು, ಹಾಗಾಗಿ ಮಳೆನೀರು ಹಿಡಿದಿಟ್ಟುಕೊಳ್ಳುತ್ತದೆ. ಆಗಸ್ಟ್‌ನಲ್ಲಿ ಮಿರ್ಜಾನ್‌ನ ಗೋಡೆ, ಬುರುಜು, ಮೆಟ್ಟಿಲು ಎಲ್ಲ ಪಾಚಿಯಲ್ಲಿ ಮುಳುಗಿ ಹಸಿರು. ಒತ್ತಿದರೆ ಬೆರಳ ಸಂದಿಯಲ್ಲಿ ನೀರು. ಕಂದಕ ತುಂಬಿತ್ತು, ದೊಡ್ಡ ಬಾವಿಗಳಲ್ಲೂ ನೀರು ಮೇಲೆ ಬಂದಿತ್ತು. ಅದೇ ಪಾಚಿಯ ಮೇಲೆ ನಾನು ಸವೆದ ಚಪ್ಪಲಿಯಲ್ಲಿ ಜಾರಿ ಎರಡು ಮೆಟ್ಟಿಲು ಕುಂಡೆಯಲ್ಲೇ ಇಳಿದೆ. ಅಮ್ಮ ಮೆಟ್ಟಿಲ ತಂಟೆಗೇ ಹೋಗಲಿಲ್ಲ, ಮರದಡಿ ಕೊಡೆ ಹಿಡಿದು ನಿಂತರು.

ನನಗೆ ಮಿರ್ಜಾನ್ ಜಾಸ್ತಿ ಹಿಡಿಸಿತು. ಬೇಕಲದಲ್ಲಿ ಕಣ್ಣು ಪದೇಪದೇ ಕಡಲಿಗೇ ಓಡುತ್ತದೆ, ಇಲ್ಲಿ ಕೋಟೆಯನ್ನೇ ನೋಡಬೇಕು. ಆದರೆ ಮಳೆ ನಿಂತ ಮೇಲೆ, ಮಾರ್ಚ್‌ಗೆ ಹೋದರೆ ಈ ಹಸಿರು ಇರುವುದಿಲ್ಲ. ಆಗ ನನ್ನ ಮತ ಬೇಕಲಕ್ಕೆ, ಅದೂ ಸಂಜೆ ನಾಲ್ಕರ ಹೊತ್ತಿಗೆ. ವಯಸ್ಸಾದವರಿದ್ದರೆ ಯಾವಾಗಲೂ ಬೇಕಲವೇ. ಇಷ್ಟೆಲ್ಲ ಬೇಡ ಅನ್ನುವವರಿಗೆ ಮಂಗಳೂರಲ್ಲೇ ಸುಲ್ತಾನ್ ಬತ್ತೇರಿ ಅನ್ನುವ ಕಾವಲು ಬುರುಜು ಇದೆ, ಹದಿನೈದು ನಿಮಿಷದ ಕೆಲಸ.

ಅಮ್ಮನನ್ನು ಕೇಳಿದೆ, ಯಾವುದು ಚೆಂದ ಅಂತ. "ಮೆಣಸಿನ ರಾಣಿ ಅಂದೆ, ಒಂದು ಬಳ್ಳಿಯಾದ್ರೂ ನೆಡಬಾರ್ದಾ ಅಲ್ಲಿ?" ಅಂದರು.