ಹೊಸಬರಿಗೆ ಬಿಲ್ಲು ಹಿಡಿಸ್ಲಿಕ್ಕೆ ವಾಟ್ಸಾಪ್ ಗ್ರೂಪ್, ಭಾನುವಾರದ ಬ್ಯಾಚ್, ಇಲ್ಲಾ ಜೋಡಿ? ಮೂರೂ ಮಾಡಿ ನೋಡಿದ್ದೇವೆ

ಮೊನ್ನೆ ಕಾರ್ಕಳದಿಂದ ಒಬ್ಬರು ಫೋನ್ ಮಾಡಿದ್ರು. ಅವರ ಊರಲ್ಲಿ ಏಳೆಂಟು ಜನ ಸೇರಿ ಆರ್ಚರಿ ಶುರು ಮಾಡ್ತಾರಂತೆ, ಯಾವ ಬಿಲ್ಲು ತಗೊಳ್ಳುದು ಅಂತ ಕೇಳ್ಲಿಕ್ಕೆ ಮಾಡಿದ ಫೋನು. ಬಿಲ್ಲು ಆಮೇಲೆ ನೋಡುವ, ಹೊಸಬರನ್ನು ಯಾರು ನೋಡ್ಕೊಳ್ಳುದು ಅಂತ ಮೊದಲು ತೀರ್ಮಾನ ಮಾಡಿ ಅಂದೆ ನಾನು. ಯಾಕಂದ್ರೆ ನಾವು ಬ್ರಹ್ಮಾವರದ ಹತ್ರ ಕೊಯ್ಲು ಮುಗಿದ ಗದ್ದೆಯಲ್ಲಿ ಬೈಹುಲ್ಲಿನ ಗೋಡೆ ಕಟ್ಟಿ ಶುರು ಮಾಡಿ ಈಗ ನಾಲ್ಕು ವರ್ಷ ಆಯ್ತು, ಅದರಲ್ಲಿ ಮೊದಲ ಎರಡು ವರ್ಷ ಬಂದವರಲ್ಲಿ ಹೆಚ್ಚಿನವರು ಬಿಟ್ಟು ಹೋದ್ರು, ಅವರು ಹೋದದ್ದು ಬಿಲ್ಲಿನಿಂದ ಅಲ್ಲ, ನಮ್ಮಿಂದ. ಅದು ನಂಗೆ ಈಗಲೂ ಬೇಜಾರು.

ಮೊದಲ ವರ್ಷ ನಾವು ಮಾಡಿದ್ದು ಎಲ್ರೂ ಮಾಡುವಂಥದ್ದೇ. ಹೊಸಬರು ಯಾರು ಕೇಳಿದ್ರೂ ವಾಟ್ಸಾಪ್ ಗ್ರೂಪಿಗೆ ಸೇರಿಸುದು, ಅಲ್ಲಿ ಪ್ರಶ್ನೆ ಹಾಕಿ, ಗೊತ್ತಿದ್ದವರು ಹೇಳ್ತಾರೆ ಅನ್ನುದು. ನೋಡ್ಲಿಕ್ಕೆ ಭಾರಿ ಚಂದ, ರಾತ್ರಿ ಹನ್ನೊಂದು ಗಂಟೆಗೆ ಕೇಳಿದ್ರೂ ಉತ್ತರ ಉಂಟು. ತೊಂದರೆ ಎಂತ ಅಂದ್ರೆ ಉತ್ತರ ಒಂದಲ್ಲ, ಏಳು.

ಕಟಪಾಡಿ ಕಡೆಯ ಒಬ್ಬಳು ಕಾಲೇಜು ಹುಡುಗಿ ಇದ್ದಳು, ಮೂರನೇ ದಿನಕ್ಕೆ ಎಡಗೈಯ ಒಳಭಾಗ ಪೂರಾ ನೀಲಿಗಟ್ಟಿತು, ಬಿಲ್ಲಿನ ಸ್ಟ್ರಿಂಗ್ (ಹೆದೆ) ಪ್ರತಿ ಸಲ ಅಲ್ಲಿಗೇ ಹೊಡೀತಿತ್ತು. ಫೋಟೋ ತೆಗೆದು ಗ್ರೂಪಿಗೆ ಹಾಕಿದ್ಲು. ಒಬ್ಬರು ಆರ್ಮ್ ಗಾರ್ಡ್ (ಕೈಗೆ ಕಟ್ಟುವ ಪಟ್ಟಿ) ಉದ್ದದ್ದು ತಗೊ ಅಂದ್ರು, ಇನ್ನೊಬ್ಬರು ಬ್ರೇಸ್ ಹೈಟ್ (ಬಿಲ್ಲಿನ ಹಿಡಿಗೂ ಸ್ಟ್ರಿಂಗಿಗೂ ಇರುವ ಅಂತರ) ಜಾಸ್ತಿ ಮಾಡು, ಮತ್ತೊಬ್ಬರು ಬಿಲ್ಲೇ ಸರಿ ಇಲ್ಲ ಕಾಂಪೌಂಡ್ (ತುದಿಯಲ್ಲಿ ಚಕ್ರ ಇರುವ ಬಿಲ್ಲು) ತಗೊ, ನಾನೂ ಗ್ರಿಪ್ ಬಗ್ಗೆ ಎಂತದೋ ಬರೆದೆ, ಒಬ್ಬರಂತೂ ಸುರುವಿಗೆ ಎಲ್ರಿಗೂ ಹಾಗೇ ಆಗುದು ಸಹಿಸ್ಕೊಳ್ಬೇಕು ಅಂತ ಬರೆದ್ರು. ಒಬ್ಬರದ್ದೂ ಪೂರ್ತಿ ಸುಳ್ಳಲ್ಲ, ಆದ್ರೆ ಅವಳ ಎದುರು ನಿಂತು ನೋಡಿದವರು ಯಾರೂ ಇಲ್ಲ. ಅವಳ ಮೊಣಕೈ ನೇರ ಮಾಡುವಾಗ ಒಳಗೆ ಬಾಗ್ತಿತ್ತು, ತುಂಬಾ ಜನರಿಗೆ ಹಾಗೆ ಇರ್ತದೆ, ಅಂಥವರು ಬಿಲ್ಲು ಹಿಡಿದ ಕೈಯ ಮೊಣಕೈಯನ್ನು ಒಂಚೂರು ಹೊರಗೆ ತಿರುಗಿಸಿ ಇಟ್ರೆ ಸ್ಟ್ರಿಂಗ್ ದಾರಿಯಿಂದ ಕೈ ತಪ್ಪಿಸ್ಕೊಳ್ತದೆ. ಎರಡು ನಿಮಿಷದ ಕೆಲಸ. ನಂಗೆ ಅದು ತಿಳಿದದ್ದು ಅವಳು ಹೋಗಿ ಎಷ್ಟೋ ದಿನ ಆದ ಮೇಲೆ, ಹಳೇ ವಿಡಿಯೋ ಮತ್ತೆ ನೋಡುವಾಗ. ಅವಳಿಗೆ ಮೆಸೇಜ್ ಹಾಕಿದೆ, ಥ್ಯಾಂಕ್ಸ್ ಅಣ್ಣ ಅಂತ ಬಂತು, ಅವಳು ಬರ್ಲಿಲ್ಲ.

ಬಿಲ್ಲಿನ ವಿಷಯದಲ್ಲೂ ಹಾಗೇ. ಗ್ರೂಪಲ್ಲಿ ಬಿದಿರು ಬಿಲ್ಲಿನವರು ಅದನ್ನೇ ಹೇಳ್ತಾರೆ, ಕಾಂಪೌಂಡಿನವರು ಕಾಂಪೌಂಡೇ ಹೇಳ್ತಾರೆ, ಕೇಳಿದವನ ಮೈಕಟ್ಟು ಹೇಗೆ, ವಯಸ್ಸೆಷ್ಟು ಅಂತ ಯಾರೂ ಕೇಳುದಿಲ್ಲ. ಒಬ್ಬರು ಹಾಗೆ ಮಾತು ಕೇಳಿ 40 ಪೌಂಡಿನ ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ತರಿಸಿದ್ರು, ಎಳೀಲಿಕ್ಕೆ ಆಗದೆ ಹೆಗಲು ಮೇಲೆ ಏರಿಸಿ ಸೊಂಟ ಹಿಂದೆ ಬಾಗಿಸಿ ಎಳೆದು ಎಳೆದು ಹೆಗಲು ನೋವು ಮಾಡ್ಕೊಂಡ್ರು. ರಿಕರ್ವ್ ಮೇಲೆ ಬರೆದ ಪೌಂಡ್ ಅಂದ್ರೆ ಎಳೀಲಿಕ್ಕೆ ಬೇಕಾದ ಬಲ, ಅದು 28 ಇಂಚು ಎಳೆದಾಗಿನ ಲೆಕ್ಕ, ಒಂದು ಇಂಚು ಕಡಿಮೆ ಎಳೆದ್ರೆ ಸುಮಾರು ಎರಡು ಪೌಂಡ್ ಕಡಿಮೆ ಆಗ್ತದೆ, ಜಾಸ್ತಿ ಎಳೆದ್ರೆ ಅಷ್ಟೇ ಜಾಸ್ತಿ. ದೊಡ್ಡವರಿಗೆ ಶುರುವಿಗೆ 18ರಿಂದ 22 ಬೇಕಾದಷ್ಟಾಯ್ತು, ಮಕ್ಕಳಿಗೆ ಅದಕ್ಕಿಂತಲೂ ಕಮ್ಮಿ. ಇದು ಗೊತ್ತಿರುವವರು ಗ್ರೂಪಲ್ಲಿ ಇಬ್ಬರು ಮೂವರು ಇದ್ರು, ಅವರ ಮೆಸೇಜು ಉಳಿದ ಮೆಸೇಜುಗಳ ಅಡಿಗೆ ಹೋಯ್ತು.

ಗ್ರೂಪಿಂದ ಒಳ್ಳೇದೇ ಆಗ್ಲಿಲ್ಲ ಅಂತ ಹೇಳಿದ್ರೆ ತಪ್ಪಾಗ್ತದೆ. ಒಬ್ಬ ಹುಡುಗನಿಗೆ ಬಲಗೈ ಬೆರಳು ಸರಿ ಮಡಚ್ಲಿಕ್ಕೆ ಬರುದಿಲ್ಲ, ನಂಗೆ ಆಗ್ತದಾ ಅಂತ ಹಿಂಜರಿದು ಕೇಳಿದ. ಹತ್ತು ನಿಮಿಷದೊಳಗೆ ಒಬ್ಬರು ಶೀತಲ್ ದೇವಿ ಬಿಲ್ಲು ಬಿಡುವ ವಿಡಿಯೋ ಹಾಕಿದ್ರು. ಜಮ್ಮು ಕಡೆಯ ಕಿಶ್ತ್ವಾರದ ಹುಡುಗಿ, ಎರಡೂ ಕೈ ಇಲ್ಲ, ಕಾಲಲ್ಲಿ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ತಂದವಳು. ಆ ಹುಡುಗ ಮಾರನೇ ಭಾನುವಾರವೇ ಬಂದ, ಈಗ ರಿಲೀಸ್ ಏಡ್ (ಬೆರಳಿನ ಬದಲು ಸ್ಟ್ರಿಂಗ್ ಹಿಡಿದು ಬಿಡುವ ಸಾಧನ) ಕಟ್ಟಿ ಕಾಂಪೌಂಡ್ ಬಿಡ್ತಾನೆ. ಧೈರ್ಯ ಕೊಡ್ಲಿಕ್ಕೆ ಗ್ರೂಪ್ ಚೆನ್ನಾಗಿ ಆಗ್ತದೆ. ಕೈ ತಿದ್ದಲಿಕ್ಕೆ ಆಗುದಿಲ್ಲ.

ಗ್ರೂಪಿನಿಂದಲೇ ಹಾಳಾದದ್ದು ಇನ್ನೊಂದು ಉಂಟು, ಬೇಟೆಯ ಪ್ರಶ್ನೆ. ನಮ್ಮಲ್ಲಿ ಬರುವ ಸುಮಾರು ಹುಡುಗರು ಅಮೆರಿಕದವರು ಮರದ ಮೇಲೆ ಕೂತು ಬಿಲ್ಲಲ್ಲಿ ಜಿಂಕೆ ಹೊಡೆಯುವ ವಿಡಿಯೋ ನೋಡಿಯೇ ಬರುದು. ಹೆಬ್ರಿ ಕಡೆಯ ಒಬ್ಬ ಕೇಳಿದ, ನಮ್ಮ ಗದ್ದೆಗೆ ದಿನಾ ಹಂದಿ ಬರ್ತದೆ, ಇದರಲ್ಲಿ ಹೊಡೀಬಹುದಾ ಅಂತ. ಗ್ರೂಪಲ್ಲಿ ಅವನ ಮೇಲೆ ಮುಗಿಬಿದ್ರು, ಜೈಲಿಗೆ ಹೋಗ್ತೀಯಾ, ಇಂಥವರಿಂದಲೇ ನಮಗೆ ಕೆಟ್ಟ ಹೆಸರು, ಹೀಗೆಲ್ಲ. ಹುಡುಗ ಗ್ರೂಪ್ ಬಿಟ್ಟ. ಕಾನೂನಿನ ಮಾತು ಸರಿಯೇ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಕಾಡುಹಂದಿ, ಕಡವೆ, ನವಿಲು ಯಾವುದನ್ನೂ ಹೊಡೀಲಿಕ್ಕಿಲ್ಲ, ಬಿಲ್ಲಾಗ್ಲಿ ಕೋವಿಯಾಗ್ಲಿ. ಆದ್ರೆ ಅವನ ಮನೆಯ ಭತ್ತ ಹಂದಿ ಪಾಲಾದದ್ದೂ ಸರಿಯೇ ಅಲ್ವಾ, ಅದನ್ನು ಒಬ್ಬರೂ ಕೇಳ್ಲಿಲ್ಲ. ಬೆಳೆ ಹೋದದ್ದಕ್ಕೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕ್ಲಿಕ್ಕೆ ಉಂಟು, ಅಷ್ಟು ಹೇಳಿ ಕೂರಿಸಿದ್ರೆ ಅವನು ಉಳೀತಿದ್ದ ಅಂತ ನಂಗೆ ಈಗಲೂ ಅನಿಸ್ತದೆ.

ಎರಡನೇ ವರ್ಷ ಬ್ಯಾಚ್ ಮಾಡಿದೆವು. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತೂವರೆ, ಹೊರಗಿಂದ ಒಬ್ಬರು ಕೋಚ್, ಹನ್ನೊಂದು ಜನ ಹೊಸಬರು ಒಂದೇ ಸಾಲಲ್ಲಿ. ಇದರಲ್ಲಿ ಒಂದು ಸಂಗತಿ ಮಾತ್ರ ಬೇರೆ ಯಾವುದರಲ್ಲೂ ಸಿಗ್ಲಿಲ್ಲ, ಶಿಸ್ತು. ಎರಡು ವಿಸಿಲ್ ಅಂದ್ರೆ ಗೆರೆಗೆ ಬರುದು, ಒಂದು ಅಂದ್ರೆ ಬಾಣ ಬಿಡ್ಬಹುದು, ಮೂರು ಅಂದ್ರೆ ಬಿಲ್ಲು ಕೆಳಗಿಟ್ಟು ಬಾಣ ತರ್ಲಿಕ್ಕೆ ಹೋಗುದು, ಒಂದೇ ಸಮ ವಿಸಿಲ್ ಊದ್ತಾ ಇದ್ರೆ ಕೈಯಲ್ಲಿದ್ದದ್ದು ಅಲ್ಲಿಗೇ ನಿಲ್ಲಿಸುದು. ಬಾಣ ಕೀಳುವಾಗ ಹಿಂದೆ ಯಾರೂ ನಿಲ್ಲಬಾರದು, ಟಾರ್ಗೆಟ್ ಕಡೆ ಓಡಬಾರದು, ಬಾಣ ಇಲ್ಲದೆ ಸ್ಟ್ರಿಂಗ್ ಎಳೆದು ಬಿಡಬಾರದು, ಹಾಗೆ ಬಿಟ್ರೆ ಬಾಣಕ್ಕೆ ಹೋಗ್ಬೇಕಾದ ಶಕ್ತಿ ಪೂರಾ ಬಿಲ್ಲಿಗೇ ಬಡಿದು ಬಿಲ್ಲೇ ಸೀಳ್ತದೆ. ಇದನ್ನೆಲ್ಲ ಹನ್ನೊಂದು ಜನ ಒಟ್ಟಿಗೆ ಮಾಡುವಾಗ ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಮೈಗೆ ಹತ್ತುತ್ತದೆ. ಆ ವರ್ಷ ಒಂದು ಗೀರು ಗಾಯ ಆಗ್ಲಿಲ್ಲ.

ಆದ್ರೆ ಹನ್ನೊಂದು ಜನರಿಗೆ ಎರಡೇ ಕಣ್ಣು. ಕೋಚ್ ಈ ತುದಿಯಲ್ಲಿ ಒಬ್ಬರ ಆಂಕರ್ (ಎಳೆದ ಕೈ ಮುಖದ ಹತ್ರ ನಿಲ್ಲುವ ಜಾಗ) ಸರಿ ಮಾಡುವಷ್ಟರಲ್ಲಿ ಆ ತುದಿಯಲ್ಲಿ ಇನ್ನೊಬ್ಬರು ಅದೇ ತಪ್ಪನ್ನು ಮೂವತ್ತು ಸಲ ಮಾಡಿ ಮುಗಿಸಿರ್ತಾರೆ, ಮೂವತ್ತು ಸಲ ಮಾಡಿದ ಮೇಲೆ ಅದು ತಪ್ಪಲ್ಲ, ಅಭ್ಯಾಸ. ಮತ್ತೆ ಎರಡನೇ ವಾರಕ್ಕೆ ಸ್ಕೋರ್ ಶುರುವಾಯ್ತು, ಯಾರೂ ಹೇಳಿದ್ದಲ್ಲ, ಪಕ್ಕದವನದ್ದು ಎಷ್ಟು ಅಂತ ನೋಡುದು ತಾನಾಗಿ ಬರ್ತದೆ. ಐದು ಮೀಟರಿಂದ ಬರೀ ಹುಲ್ಲಿಗೆ, ಟಾರ್ಗೆಟ್ ಪೇಪರೇ ಇಲ್ಲದೆ, ಕಣ್ಣು ಮುಚ್ಚಿ ಬಿಡಬೇಕಾದ ಸಮಯದಲ್ಲಿ ಹುಡುಗರು 20 ಮೀಟರಿಗೆ ಹೋಗ್ತೇವೆ ಅಂತ ಹಟ ಮಾಡಿದ್ರು, ಹಿಂದೆ ಉಳಿದವರು ನಾಚಿಕೆಯಲ್ಲಿ ಮಾತೇ ಆಡ್ಲಿಲ್ಲ. ಮಳೆ ಹಿಡಿಯುವಷ್ಟರಲ್ಲಿ ಹನ್ನೊಂದರಲ್ಲಿ ನಾಲ್ಕು ಜನ ಇದ್ರು, ನಾಲ್ಕೂ ಮೊದಲೇ ಚೆನ್ನಾಗಿ ಬಿಡ್ತಿದ್ದವರು. ಬ್ಯಾಚ್ ಅವರನ್ನು ಬೆಳೆಸಿತು ಅಂತ ನಂಗೆ ಅನಿಸುದಿಲ್ಲ, ಅವರು ಹೇಗೂ ಬೆಳೀತಿದ್ರು.

ಜೋಡಿಯ ಯೋಚನೆ ಬಂದದ್ದು ನನ್ನ ಭಾವನಿಂದ. ಅಕ್ಕ-ಭಾವ ಮಿಷಿಗನ್‌ನಲ್ಲಿ ಇರುದು, ಅಲ್ಲಿ ಅಕ್ಟೋಬರ್ 1ಕ್ಕೆ ಜಿಂಕೆಯ ಬಿಲ್ಲು ಸೀಸನ್ ಶುರು, ಬೇಟೆ ಅಲ್ಲಿ ಲೈಸೆನ್ಸಿನ ವ್ಯವಹಾರ. ಹಂಟರ್ ಸೇಫ್ಟಿ ಕೋರ್ಸ್ ಇನ್ನೂ ಆಗದವರಿಗೆ ಅಪ್ರೆಂಟಿಸ್ ಲೈಸೆನ್ಸ್ ಅಂತ ಉಂಟು, ಅನುಭವ ಇರುವ ದೊಡ್ಡವರೊಬ್ಬರು ಜೊತೆಗೇ ಇದ್ರೆ ಮಾತ್ರ ಹೋಗ್ಬಹುದು. ಭಾವನನ್ನು ಕರ್ಕೊಂಡು ಹೋದ ಅಜ್ಜ ಮೊದಲ ಸೀಸನ್ ಪೂರಾ ಬಿಲ್ಲೇ ಕೊಡ್ಲಿಲ್ಲಂತೆ. ಬರೀ ಪಕ್ಕದಲ್ಲಿ ಕೂರಿಸಿ ಗಾಳಿ ಎಲ್ಲಿಂದ ಬರ್ತದೆ, ಯಾವ ಹೊತ್ತಿಗೆ ಬಾಣ ಬಿಡಬಾರದು ಅಂತ ತೋರಿಸಿದ್ದಂತೆ, ಮತ್ತೆ ಪ್ರತಿ ಸಲ ಮನೆಗೆ ಮುಟ್ಟಿದ ಮೇಲೆ ಫೋನ್ ಮಾಡಿ ಇವತ್ತು ನಿಂಗೆ ಎಂತ ಕಂಡಿತು ಅಂತ ಕೇಳ್ತಿದ್ರಂತೆ. ಭಾವ ಇದನ್ನು ಹೇಳುವಾಗ ಜಿಂಕೆಯ ಸುದ್ದಿಗಿಂತ ಆ ಅಜ್ಜನ ಫೋನಿನ ಸುದ್ದಿ ಜಾಸ್ತಿ ಹೇಳಿದ್ರು.

ಹಾಗೆ ಮೂರನೇ ವರ್ಷದಿಂದ ಒಬ್ಬ ಹೊಸಬರಿಗೆ ಒಬ್ಬರು ಜೊತೆ, ಎಂಟು ವಾರ. ಇದರಲ್ಲಿ ನಾವು ಶುರುವಿಗೆ ಮಾಡಿದ ತಪ್ಪು ಅಂದ್ರೆ ಚೆನ್ನಾಗಿ ಬಿಡುವವರನ್ನೇ ಜೊತೆಗೆ ಹಾಕಿದ್ದು. ಹತ್ತು ವರ್ಷ ಬಿಲ್ಲು ಬಿಟ್ಟವರ ಕೈಗೆ ಎಲ್ಲ ಗೊತ್ತು, ಬಾಯಿಗೆ ಗೊತ್ತಿಲ್ಲ, ಹೀಗೆ ಹಿಡಿ ಹೀಗೆ ಬಿಡು ಅಂತಾರೆ, ಆ ಹೀಗೆ ಅಂದ್ರೆ ಹೇಗೆ ಅಂತ ಹೊಸಬರಿಗೆ ತಿಳಿಯುದಿಲ್ಲ. ಹಿಂದಿನ ವರ್ಷವಷ್ಟೇ ಕಲಿತವರನ್ನು ಹಾಕಿದ ಮೇಲೆ ಎಲ್ಲ ಬದಲಾಯ್ತು. ನನ್ನ ಅಕ್ಕನ ಸಣ್ಣ ಮಗ ರಜೆಗೆ ಊರಿಗೆ ಬಂದಾಗ ಯಕ್ಷಗಾನದ ಹೆಜ್ಜೆ ಕಲೀಲಿಕ್ಕೆ ಹೋಗ್ತಾನೆ, ಗುರುಗಳು ತಾಳ ಹಾಕಿ ಹೇಳಿಕೊಟ್ಟದ್ದು ನಿಜ, ಆದ್ರೆ ಅವನು ನೋಡುದು ಪಕ್ಕದಲ್ಲಿ ಒಂದು ವರ್ಷ ಮುಂದೆ ಇರುವ ಹುಡುಗನ ಕಾಲು. ಅದೇ ಇಲ್ಲಿಯೂ.

ಒಂದು ಜೋಡಿಯ ಬಗ್ಗೆ ಹೇಳ್ಲೇಬೇಕು. ಬ್ಯಾಂಕಿಂದ ರಿಟೈರ್ ಆದ ಒಬ್ಬರು, ಅವರಿಗೆ ಜೊತೆ ಐಟಿಐ ಓದುವ ಹತ್ತೊಂಬತ್ತರ ಹುಡುಗ. ಇವರು ಅವನಿಗೆ ನೀವು ಅಂತಿದ್ರು, ಅವನು ಇವರಿಗೆ ಸಾರ್ ಅಂತಿದ್ದ, ಎರಡು ವಾರ ಹಾಗೇ ಹೋಯ್ತು. ಸಾರ್ ಬಿಟ್ಟ ಬಾಣ ಎಲ್ಲ ಟಾರ್ಗೆಟಿಂದ ಒಂದು ಮೊಳ ಎಡಕ್ಕೆ, ಎಂತ ಮಾಡಿದ್ರೂ ಎಡಕ್ಕೆ. ನಾವು ಹಳಬರು ಮೂವರು ನೋಡಿ ಮೂವರೂ ರಿಲೀಸ್ (ಸ್ಟ್ರಿಂಗ್ ಬಿಡುವ ರೀತಿ) ಸರಿ ಇಲ್ಲ ಅಂದೆವು. ಆ ಹುಡುಗ ಎಂತದೂ ಹೇಳದೆ ಅವರನ್ನು ಗದ್ದೆಯ ಅಂಚಿಗೆ ಕರ್ಕೊಂಡು ಹೋಗಿ, ಎರಡೂ ಕೈ ಮುಂದೆ ಚಾಚಿ, ಅಂಗೈ ಒಂದರ ಮೇಲೊಂದು ಇಟ್ಟು ಮಧ್ಯೆ ಸಣ್ಣ ತೂತು ಮಾಡಿಸಿ, ಅದರೊಳಗಿಂದ ಆಚೆ ತೆಂಗಿನ ಮರದ ಒಂದು ಬೊಂಡ ನೋಡಿ ಅಂದ. ಈಗ ಬಲಗಣ್ಣು ಮುಚ್ಚಿ. ಬೊಂಡ ಉಂಟಾ? ಉಂಟು. ಈಗ ಎಡಗಣ್ಣು ಮುಚ್ಚಿ. ಬೊಂಡ ಮಾಯ. ಸಾರ್ ಬಲಗೈಯವರು, ಆದ್ರೆ ಗುರಿ ಹಿಡಿಯುವ ಕಣ್ಣು ಎಡದ್ದು, ಬಾಣ ಬಲಗಣ್ಣಿನ ಕೆಳಗೆ, ನೋಟ ಎಡಗಣ್ಣಿನದ್ದು, ಎಡಕ್ಕಲ್ಲದೆ ಮತ್ತೆಲ್ಲಿಗೆ ಹೋಗ್ಬೇಕು. ಅವನಿಗೆ ಇದು ಹೇಗೆ ಹೊಳೆಯಿತು ಅಂತ ಕೇಳಿದ್ರೆ, ಹೋದ ವರ್ಷ ನಂಗೂ ಹೀಗೇ ಆಗಿತ್ತು ಅಣ್ಣ, ನಾಲ್ಕು ತಿಂಗಳು ಯಾರಿಗೂ ಗೊತ್ತಾಗ್ಲಿಲ್ಲ ಅಂದ. ಸಾರ್ ಆ ವಾರವೇ ಎಡಗೈಯಲ್ಲಿ ಎಳೆಯುವ ಬಿಲ್ಲಿಗೆ ಬದಲಾಯಿಸಿದ್ರು.

ಜೋಡಿಯಲ್ಲಿ ಕಷ್ಟ ಇಲ್ಲ ಅಂತಲ್ಲ, ಬೇಕಾದಷ್ಟು ಉಂಟು. ಕಲಿಸುವವರಿಗೆ ಮನೆಯಲ್ಲಿ ಮದುವೆ, ದೈವದ ನೇಮ, ಪರೀಕ್ಷೆ ಅಂತ ಎರಡು ವಾರ ಬರ್ಲಿಕ್ಕೆ ಆಗದಿದ್ರೆ ಹೊಸಬರು ಒಬ್ಬರೇ ನಿಂತಿರ್ತಾರೆ, ಅದು ಕೋಚ್ ಬೈದದ್ದಕ್ಕಿಂತ ಕೆಟ್ಟದು. ಕಲಿಸುವವರ ದೋಷ ಹಾಗೇ ಇಳೀತದೆ, ಒಂದು ಜೋಡಿ ಇಬ್ಬರೂ ಬಿಡುವಾಗ ಸ್ಟ್ರಿಂಗನ್ನು ಬದಿಗೆ ಕಿತ್ತು ಬಿಡ್ತಿದ್ರು, ಒಬ್ಬರನ್ನೊಬ್ಬರು ನೋಡಿ ಅದೇ ಸರಿ ಅಂದ್ಕೊಂಡಿದ್ರು. ಅದಕ್ಕೆ ಈಗ ತಿಂಗಳಿಗೆ ಒಂದು ಭಾನುವಾರ ಜೋಡಿ ಅದಲು ಬದಲು ಮಾಡಿಸ್ತೇವೆ, ಹಳಬರು ಅವತ್ತು ಬರೀ ನೋಡುದು. ಹೆಂಗಸರಲ್ಲಿ ಇಬ್ಬರು ನಮಗೆ ಹೆಂಗಸರೇ ಬೇಕು ಅಂತ ಕೇಳಿದ್ರು, ನಮ್ಮಲ್ಲಿ ಆಗ ಇದ್ದದ್ದು ಒಬ್ಬರೇ ಅಕ್ಕ, ಅವರು ಇಬ್ಬರನ್ನೂ ತಗೊಂಡು ಸುಸ್ತಾದ್ರು, ಆದ್ರೂ ಆ ಇಬ್ಬರೂ ಉಳಿದ್ರು, ಈ ವರ್ಷ ಅವರೇ ಕಲಿಸುವವರು. ಮತ್ತೆ ಮುಟ್ಟುವ ವಿಷಯ. ಹೆಗಲು ಇಳಿಸು ಅಂತ ಬಾಯಲ್ಲಿ ಹೇಳಿದ್ರೆ ಯಾರಿಗೂ ಇಳಿಯುದಿಲ್ಲ, ಕೈ ಇಟ್ಟು ತೋರಿಸುದು ಅಭ್ಯಾಸ ಆಗಿಬಿಟ್ಟಿದೆ. ಈಗ ಮೊದಲು ಕೇಳುದು, ಬೇಡ ಅಂದ್ರೆ ಬಾಣದ ನಾಕ್ (ಸ್ಟ್ರಿಂಗಿಗೆ ಸಿಕ್ಕಿಸುವ ಕಚ್ಚು) ಇರುವ ಹಿಂದಿನ ತುದಿಯಲ್ಲಿ ಹೆಗಲನ್ನು ಒಂಚೂರು ತಾಗಿಸುದು. ಅಷ್ಟರಲ್ಲಿ ಕೆಲಸ ಆಗ್ತದೆ. ಗಂಡಸರಿಗೂ ಹೀಗೇ ಮಾಡ್ತೇವೆ.

ಬೇಟೆಯ ಪ್ರಶ್ನೆ ಕೇಳುವ ಹುಡುಗರೂ ಈಗ ಓಡಿ ಹೋಗುದಿಲ್ಲ. ಜೊತೆಯವರು ಕೂರಿಸಿ ಕಾನೂನು ಹೇಳ್ತಾರೆ, ಆಮೇಲೆ ನಾವೇ ಹಳೇ ಹಾಸಿಗೆಯ ಫೋಮ್ ಕತ್ತರಿಸಿ ಅಂಟಿಸಿ ಮಾಡಿದ ಹಂದಿ ಉಂಟು, ಅದನ್ನು ಬೈನೆ ಮರದ ಬುಡದಲ್ಲಿ ಇಟ್ಟು ಎಷ್ಟು ದೂರ ಹೇಳು ಅಂತ ಕೇಳುದು. ಹದಿನೈದಾ ಇಪ್ಪತ್ತಾ ಅಂತ ತಲೆ ಕೆರೆದ್ಕೊಂಡು ಅರ್ಧ ದಿನ ಕಳೀತಾರೆ, ಹೊರದೇಶದವರು ಥ್ರೀಡಿ ಆರ್ಚರಿ ಅಂತ ಸ್ಪರ್ಧೆ ಮಾಡುದೂ ಇಂಥ ಫೋಮಿನ ಪ್ರಾಣಿಗೇ.

ಲೆಕ್ಕ ಬೇಕು ಅಂದ್ರೆ, ಜೋಡಿಯ ಮೊದಲ ವರ್ಷ ಒಂಬತ್ತು ಜನ ಬಂದು ಏಳು ಜನ ಉಳಿದ್ರು. ಆದ್ರೆ ಜೋಡಿಗೆ ಅಷ್ಟು ಜನ ಕಲಿಸುವವರು ಬೇಕಲ್ಲ, ಹತ್ತನೆಯವರಿಗೆ ಮುಂದಿನ ವರ್ಷ ಬನ್ನಿ ಅಂದದ್ದು ನಂಗೆ ಈಗಲೂ ಸರಿ ಬರುದಿಲ್ಲ.

ಕಾರ್ಕಳದವರಿಗೆ ನಾನು ಹೇಳುದು ಇಷ್ಟು. ಮೊದಲ ಎರಡು ಭಾನುವಾರ ಬ್ಯಾಚ್ ಮಾಡಿ, ವಿಸಿಲ್ ಮತ್ತೆ ಬಾಣ ಕೀಳುದು ಮಾತ್ರ ಕಲಿಸ್ಲಿಕ್ಕೆ. ಮೂರನೇ ವಾರದಿಂದ ಜೋಡಿ. ಗ್ರೂಪಲ್ಲಿ ಬರೀ ಟೈಮು, ಮಳೆ ಉಂಟಾ ಇಲ್ವಾ, ಫೋಟೋ, ಇಷ್ಟೇ ಇರ್ಲಿ, ಕೈ ನೋವು ಮೈ ನೋವು ಅಂತ ಯಾರಾದ್ರೂ ಬರೆದ್ರೆ ಉತ್ತರ ಅವರ ಜೊತೆಯವರು ಮಾತ್ರ ಕೊಡ್ಲಿ. ಮೊದಲ ವರ್ಷ ನಿಮ್ಮಲ್ಲಿ ಒಂದು ವರ್ಷ ಕಲಿತವರು ಯಾರೂ ಇರುದಿಲ್ಲ, ಅದಕ್ಕೆ ನಮ್ಮಿಂದ ಮೂವರು ಬರ್ತೇವೆ ಅಂದಿದ್ದಾರೆ, ಆ ಐಟಿಐ ಹುಡುಗನೂ, ಬ್ಯಾಂಕಿನ ಸಾರೂ ಉಂಟು. ನವರಾತ್ರಿ ಕಳೆದು ಕೊಯ್ಲು ಆದ ಮೇಲೆ ಗದ್ದೆ ಯಾವುದು ಅಂತ ನೋಡಿ ಇಡಿ, ಹಿಂದೆ ಕೆಂಪುಕಲ್ಲಿನ ಗೋಡೆ ಇರುವ ಜಾಗ ಬೇಡ, ಬಾಣ ಪುಡಿ ಆಗ್ತದೆ. 18 ಪೌಂಡಿನ ಎರಡು ಬಿಲ್ಲು ನಾವು ತರ್ತೇವೆ, ಬೈಹುಲ್ಲು ಮಾತ್ರ ನೀವು ಈಗಲೇ ಯಾರ ಹತ್ರ ಆದ್ರೂ ಹೇಳಿ ಇಟ್ಟುಕೊಳ್ಳಿ.