ಮೊರಿಯೆನ್ ಕಣಿವೆಯಲ್ಲಿ ಶಿಮಾನೊ 105 ಆರ್7000 ಡಿಸ್ಕ್: ನಾಲ್ಕು ಬೇಸಿಗೆ ಓಡಿಸಿದ ಮೇಲಿನ ವಿಮರ್ಶೆ

ಫ್ರಾನ್ಸಿನ ಸವೊವಾ ಜಿಲ್ಲೆಯ ಮೊರಿಯೆನ್ ಕಣಿವೆಗೆ ರಸ್ತೆ ಸೈಕಲ್ ಒಯ್ಯುವವರು ಮೊದಲು ವಿಚಾರಿಸುವುದು ಸೈಕಲ್ಲಿನ ತೂಕವನ್ನು. ಆದರೆ ಇಲ್ಲಿ ದಿನವನ್ನು ಉಳಿಸುವುದು ಅಥವಾ ಕೆಡಿಸುವುದು ಎರಡೇ: ಹಿಂಚಕ್ರದ ದೊಡ್ಡ ಹಲ್ಲುಗಾಲಿ ಮತ್ತು ಬ್ರೇಕು. ಕೇಬಲ್‌ನಿಂದ ನಡೆಯುವ (ಮೆಕ್ಯಾನಿಕಲ್) ಗೇರ್, ಎಣ್ಣೆಯ ಒತ್ತಡದಿಂದ ನಡೆಯುವ (ಹೈಡ್ರಾಲಿಕ್) ಡಿಸ್ಕ್ ಬ್ರೇಕ್ ಇರುವ, ಹಿಂದೆ 11 ಹಲ್ಲುಗಾಲಿಗಳ ('11 ವೇಗದ') ಶಿಮಾನೊ ಗೇರ್-ಬ್ರೇಕ್ ಸೆಟ್ 105 ಆರ್7000 ಇವೆರಡರಲ್ಲೂ ಗೆಲ್ಲುತ್ತದೆ. ಒಂದು ಷರತ್ತಿದೆ. ಅಂಗಡಿಯಿಂದ ಬಂದ ಜೋಡಣೆಯನ್ನೇ ನೆಚ್ಚಿಕೊಂಡು ಹೊರಡಬಾರದು.

ಮೊದಲು ಏರಿನ ಲೆಕ್ಕ. ಲಾ ಶಾಂಬ್ರ್‌ನಿಂದ ಗ್ಲಾಂದೊಂ ಘಾಟಿಗೆ (1,924 ಮೀ) 21 ಕಿಮೀ, ಸರಾಸರಿ ಶೇ. 7ರ ಆಸುಪಾಸು. ಸರಾಸರಿ ಸೌಮ್ಯವಾಗಿ ಕಾಣುವುದು ನಡುವೆ ಸಿಗುವ ಸಲೀಸು ದಾರಿಯಿಂದ. ಕಡೆಯ ಎರಡು ಕಿಲೋಮೀಟರು ಶೇ. 10 ದಾಟುತ್ತದೆ. ಅದೇ ಊರಿನಿಂದ ಎದುರು ದಿಕ್ಕಿಗೆ ಹತ್ತುವ ಮಾದ್ಲೆನ್ ಘಾಟಿ 19 ಕಿಮೀ ಉದ್ದಕ್ಕೂ ಶೇ. 8ರ ಹತ್ತಿರವೇ ಇರುತ್ತದೆ. ಸ್ಯಾಂ-ಮಿಶೆಲ್‌ನಿಂದ ಗಾಲಿಬಿಯೆಗೆ (2,642 ಮೀ) ಹೋಗಲು ಮೊದಲು 12 ಕಿಮೀ ತೆಲೆಗ್ರಾಫ್ ಘಾಟಿ ಹತ್ತಿ, ವಾಲ್ವಾರ್ ಊರಿಗೆ ಇಳಿದು, ಮತ್ತೆ 18 ಕಿಮೀ ಹತ್ತಬೇಕು. ಒಟ್ಟು ಏರು ಸುಮಾರು 2,100 ಮೀಟರ್. ಪ್ಲಾಂ ಲಾಶಾ ದಾಟಿದ ಮೇಲಿನ ಎಂಟು ಕಿಲೋಮೀಟರೇ ನಿಜವಾದ ಗಾಲಿಬಿಯೆ. ನೆತ್ತಿಯ ಕೆಳಗಿನ ಸುರಂಗದಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ, ಹಾಗಾಗಿ ಕಡೆಯ ಕಡಿದಾದ ಕಿಲೋಮೀಟರನ್ನು ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ನಂದಿ ಬೆಟ್ಟದಲ್ಲಿ ಪಳಗಿದ ಬೆಂಗಳೂರಿನ ಸವಾರರು ಎಡವುವುದು ಇಲ್ಲೇ. ನಂದಿಯ ಏರು ಎಂಟು ಕಿಲೋಮೀಟರಿನೊಳಗೆ ಮುಗಿಯುತ್ತದೆ. ಕಡೆಯ ತಿರುವುಗಳಲ್ಲಿ ಎದ್ದು ನಿಂತು ತುಳಿದರೂ 34/28 ಗೇರ್‌ನಲ್ಲಿ (ಮುಂದಿನ ಹಲ್ಲುಗಾಲಿಗೆ 34 ಹಲ್ಲು, ಹಿಂದಿನದಕ್ಕೆ 28) ನಿಭಾಯಿಸಬಹುದು. ಗ್ಲಾಂದೊಂದಲ್ಲಿ ಅದೇ ಒತ್ತಡವನ್ನು ಎರಡು ಗಂಟೆಗೂ ಮಿಕ್ಕಿ ಮಂಡಿ ಹೊರಬೇಕು.

ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕೆಜಿ, ಟೈರು 28 ಮಿಮೀ, ಪೆಡಲ್ ನಿಮಿಷಕ್ಕೆ 70 ಸುತ್ತು ಎಂದುಕೊಳ್ಳಿ. 34/28ರಲ್ಲಿ ವೇಗ ಗಂಟೆಗೆ ಸುಮಾರು 11 ಕಿಮೀ, ಶೇ. 8ರ ಏರಿನಲ್ಲಿ ಅದಕ್ಕೆ 205 ವಾಟ್‌ನಷ್ಟು ಶಕ್ತಿ ಬೇಕು. 34/34ರಲ್ಲಿ ವೇಗ 9 ಕಿಮೀಗೆ ಇಳಿಯುತ್ತದೆ, 170 ವಾಟ್ ಸಾಕು. ಈ 35 ವಾಟ್ ಅಂತರವೇ ಮಧ್ಯಾಹ್ನದವರೆಗೂ ತುಳಿಯುವವರನ್ನು ಹತ್ತು ಗಂಟೆಗೇ ರಸ್ತೆ ಬದಿಯಲ್ಲಿ ಕೂರುವವರಿಂದ ಬೇರೆ ಮಾಡುತ್ತದೆ. ವೃತ್ತಿಪರರಲ್ಲದ ಯಾರಿಗೇ ಆಗಲಿ, ಮುಂದೆ 50/34 (50 ಮತ್ತು 34 ಹಲ್ಲಿನ ಎರಡು ಗಾಲಿ), ಹಿಂದೆ 11-34 (11ರಿಂದ 34 ಹಲ್ಲಿನವರೆಗಿನ ಗಾಲಿಗಳ ಗೊಂಚಲು, ಅಂದರೆ ಕ್ಯಾಸೆಟ್) ಇರಲಿ ಎನ್ನುವುದೇ ನಮ್ಮ ಸಲಹೆ. ಸಂಕೋಚ ಬೇಡ.

11-34 ಹಾಕಲು ಉದ್ದ ಪಂಜರದ ಜಿಎಸ್ ಡಿರೇಲರ್ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬೇಕು. ಗಿಡ್ಡ ಪಂಜರದ ಎಸ್‌ಎಸ್‌ಗೆ ಅಧಿಕೃತ ಮಿತಿ 30 ಹಲ್ಲು. ಇನ್ನೊಂದು ವಿಷಯದಲ್ಲಿ ಬಹಳ ಮಂದಿ ತಪ್ಪುತ್ತಾರೆ: 11 ವೇಗದ ಎಚ್‌ಜಿ700, ಎಚ್‌ಜಿ800 ಕ್ಯಾಸೆಟ್‌ಗಳ ಅಗಲ 10 ವೇಗದ ಫ್ರೀಹಬ್‌ಗೆ (ಹಿಂಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗಕ್ಕೆ) ಹೊಂದುವಂಥದ್ದು. 11 ವೇಗದ ರಸ್ತೆ ಚಕ್ರಕ್ಕೆ ಏರಿಸುವಾಗ ಹಿಂದೆ 1.85 ಮಿಮೀ ಸ್ಪೇಸರ್ ಬಳೆ ಹಾಕಲೇಬೇಕು. ಮರೆತರೆ ಲಾಕ್‌ರಿಂಗ್ (ಕ್ಯಾಸೆಟ್ ಹಿಡಿದಿಡುವ ಬಳೆ) ಬಿಗಿದಂತೆ ಕಂಡರೂ ಕ್ಯಾಸೆಟ್ ಅಲುಗಾಡುತ್ತದೆ, ಗೇರ್ ಎಷ್ಟು ಹೊಂದಿಸಿದರೂ ನಿಲ್ಲುವುದಿಲ್ಲ. ಬಿಗಿತ 40 ನ್ಯೂಟನ್ ಮೀಟರ್. ಹಳೆಯ 11-28ರ ಚೈನು ಇದಕ್ಕೆ ಗಿಡ್ಡವಾಗುತ್ತದೆ. ಹೊಸ ಚೈನನ್ನು ಡಿರೇಲರ್‌ಗೆ ಪೋಣಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದರ ಮೇಲೆ ಸುತ್ತಿ, ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿ. ಆಮೇಲೆ 34 ಹಲ್ಲಿನ ಗಾಲಿಗೂ ಡಿರೇಲರ್‌ನ ಮೇಲಿನ ಪುಲ್ಲಿ ಗಾಲಿಗೂ ನಡುವೆ 5–6 ಮಿಮೀ ಇರುವಂತೆ ಬಿ-ಸ್ಕ್ರೂ (ಡಿರೇಲರ್‌ನಲ್ಲಿ ಆ ಅಂತರ ಹೊಂದಿಸುವ ತಿರುಪು) ತಿರುಗಿಸಿ.

ಈ ಕ್ಯಾಸೆಟ್ಟಿನಲ್ಲಿ ಕೊರತೆಯೂ ಇದೆ. ಹಲ್ಲುಗಳು 11, 13, 15, 17 ಎಂದು ಎರಡೆರಡು ಹಾರುತ್ತವೆ. ಏರಿನಲ್ಲಿ ಗೊತ್ತಾಗುವುದಿಲ್ಲ, ಆದರೆ ಆರ್ಕ್ ನದಿಯ ಪಕ್ಕದ ಸಮತಟ್ಟು ರಸ್ತೆಯಲ್ಲಿ ಕಾಲಿಗೆ ಹೊಂದುವ ಗೇರ್ ಸಿಗದೆ ಕಿರಿಕಿರಿಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಕಣಿವೆಯ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುವುದರಿಂದ ಮೊದಾನ್ ಕಡೆಯಿಂದ ಸ್ಯಾಂ-ಜಾನ್‌ಗೆ ಮರಳುವವರಿಗೆ ಎದುರುಗಾಳಿ. ಈ ಕಿರಿಕಿರಿ ಸಹಿಸಿಕೊಳ್ಳುವಂಥದ್ದೇ. ದಿನದ ಲೆಕ್ಕಾಚಾರದಲ್ಲಿ ಆ ದಾರಿಯನ್ನು ಬೆಳಗ್ಗೆಯೇ ಮುಗಿಸುವುದು ಇನ್ನೂ ಒಳ್ಳೆಯದು.

ಮುಂದಿನ ಹಲ್ಲುಗಾಲಿಗಳ (ಚೈನ್‌ರಿಂಗ್) ಬದಲಾವಣೆ ಚುರುಕಾಗಿದೆ, ಆದರೆ ಭಾರ ಹಾಕಿ ತುಳಿಯುವಾಗ 50ರಿಂದ 34ಕ್ಕೆ ಇಳಿಸಿದರೆ ಯಾವ ಡಿರೇಲರ್ ಆದರೂ ಚೈನು ಒಳಗೆ ಬೀಳಿಸಬಹುದು. ಮೊಂವೆರ್ನಿಯೆಯ ತಿರುವುಗಳು ಕಣಿವೆಯ ತಳದಿಂದ ಥಟ್ಟನೆ ಶುರುವಾಗಿ, ಮೂರೂವರೆ ಕಿಲೋಮೀಟರಿನೊಳಗೆ ಹಾವಿನಂತೆ ಹದಿನೇಳು ಮಡಿಕೆ ಹಾಕುತ್ತವೆ. ಅಲ್ಲಿ ಮೊದಲ ತಿರುವಿಗೆ ಐವತ್ತು ಮೀಟರ್ ಮುಂಚೆಯೇ ಕಾಲು ಹಗುರ ಮಾಡಿ ಇಳಿಸಿಕೊಳ್ಳಿ.

ಇನ್ನು ಬ್ರೇಕು. ನಾಲ್ಕು ಬೇಸಿಗೆಗಳಲ್ಲಿ ನಮ್ಮ ಮೆಚ್ಚುಗೆ ಹೆಚ್ಚಿಸಿಕೊಂಡೇ ಬಂದ ಭಾಗ ಇದು. ಮಾದ್ಲೆನ್ ನೆತ್ತಿಯಿಂದ ಲಾ ಶಾಂಬ್ರ್‌ಗೆ 1,500 ಮೀಟರಿಗೂ ಹೆಚ್ಚು ಇಳಿತ. ಬೆಳಗ್ಗೆ ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬೆರಳು ಮರಗಟ್ಟಿದಾಗಲೂ ಒಂದೇ ಬೆರಳಲ್ಲಿ ಚಕ್ರ ನಿಲ್ಲಿಸಲು ಆಗುತ್ತದೆ. ಕೇಬಲ್ ರಿಮ್ ಬ್ರೇಕಿನಲ್ಲಿ ಇದು ಕಷ್ಟ. ಕೈ ಚಿಕ್ಕದಾದರೆ ಬ್ರೇಕ್ ಲಿವರ್‌ನ ರೀಚ್ ಸ್ಕ್ರೂ ತಿರುಗಿಸಿ ಹತ್ತಿರ ತಂದುಕೊಳ್ಳಿ.

ಬ್ರೇಕ್ ಬಿಸಿಯಾಗುವುದು ವೇಗದಿಂದ ಅಂದುಕೊಂಡವರೇ ಹೆಚ್ಚು. ನಿಜದಲ್ಲಿ ಹೆದರಿ ಹಿಡಿದೇ ಇಳಿಯುವುದು ಅದಕ್ಕಿಂತ ಕೆಟ್ಟದ್ದು. ಮೇಲೆ ಹೇಳಿದ 80 ಕೆಜಿ ಶೇ. 8ರ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದಿದ್ದರೆ ಗಾಳಿಯ ತಡೆಯಿಂದಲೇ 60 ಕಿಮೀ ಆಸುಪಾಸಿಗೆ ನಿಲ್ಲುತ್ತದೆ. ಅದನ್ನು 20 ಕಿಮೀಗೆ ಸತತವಾಗಿ ಹಿಡಿದಿಟ್ಟರೆ ಗಾಳಿ ಹೊರುವ ಪಾಲು ತೀರಾ ಕಡಿಮೆ. ಸುಮಾರು 300 ವಾಟ್ ಶಾಖ ಎಡೆಬಿಡದೆ ಎರಡು ರೋಟರ್‌ಗಳಿಗೆ (ಬ್ರೇಕಿನ ಲೋಹದ ತಟ್ಟೆಗಳಿಗೆ) ಸುರಿಯುತ್ತದೆ. ತಂಪಾಗಲು ಬೀಸುವ ಗಾಳಿಯೂ ಕಡಿಮೆ. ತಿರುವಿನ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಟ್ಟು ತಿರುಗಬೇಕು. ಬಿಟ್ಟ ಹೊತ್ತಿನಲ್ಲೇ ರೋಟರ್ ಆರುವುದು.

ಗಟ್ಟಿ ಬ್ರೇಕ್ ಹಾಕಿದ ಮೇಲೆ ಕೆಲವು ಸೆಕೆಂಡ್ ಟಿಂಗ್ ಟಿಂಗ್ ಸದ್ದು ಬಂದರೆ ಗಾಬರಿ ಬೇಡ. ಕಾದು ಹಿಗ್ಗಿದ ರೋಟರ್ ಪ್ಯಾಡಿಗೆ (ರೋಟರನ್ನು ಅದುಮುವ ಬಿಲ್ಲೆಗೆ) ತಾಗುತ್ತಿದೆ, ಆರಿದರೆ ನಿಲ್ಲುತ್ತದೆ. ಲಿವರ್ ಮೆತ್ತಗಾಗಿ ಹಿಡಿಯತ್ತ ಬರತೊಡಗಿದರೆ ಮಾತ್ರ ತಕ್ಷಣ ನಿಲ್ಲಿ, ಹತ್ತು ನಿಮಿಷ ಬಿಡಿ, ರೋಟರ್ ಮುಟ್ಟಬೇಡಿ. ಊರಿಗೆ ಬಂದ ಮೇಲೆ ಬ್ರೇಕಿನೊಳಗಿನ ಮಿನರಲ್ ಎಣ್ಣೆ ಬದಲಿಸಿ ಗಾಳಿ ತೆಗೆಸಿ. ಬೇರೆ ಬಗೆಯ ಬ್ರೇಕುಗಳಿಗೆ ಹಾಕುವ ಡಾಟ್ ದ್ರವ ಇದರೊಳಗೆ ಹೋಗಲೇಬಾರದು, ಸೀಲುಗಳು ಹಾಳಾಗುತ್ತವೆ.

ಪ್ಯಾಡ್‌ಗಳಲ್ಲಿ ರೆಸಿನ್ ಸದ್ದಿಲ್ಲದ್ದು, ಒಣ ಹವೆಗೆ ಸಾಕು. ಮಳೆಯಲ್ಲಿ, ರಸ್ತೆಯ ಮರಳಿನಲ್ಲಿ ಬೇಗ ಸವೆಯುತ್ತದೆ. ಮೆಟಲ್ ಪ್ಯಾಡ್ ಹೆಚ್ಚು ಬಾಳುತ್ತದೆ, ಆದರೆ ಕಿರುಚುತ್ತದೆ, ಶಾಖವನ್ನು ಎಣ್ಣೆಯ ಕಡೆಗೂ ಹೆಚ್ಚು ಸಾಗಿಸುತ್ತದೆ. ಅಗ್ಗದ ಕೆಲವು ರೋಟರ್‌ಗಳ ಮೇಲೆ ರೆಸಿನ್ ಮಾತ್ರ ಎಂದು ಕೆತ್ತಿರುತ್ತದೆ. ಅದನ್ನು ಓದದೆ ಮೆಟಲ್ ಹಾಕಬೇಡಿ. ನಮ್ಮ ಆಯ್ಕೆ ಶಾಖ ಚೆದುರಿಸುವ ರೆಕ್ಕೆಯಿರುವ ರೆಸಿನ್ ಪ್ಯಾಡ್, ಜೇಬಿನಲ್ಲಿ ಒಂದು ಜೊತೆ ಹೆಚ್ಚಿಗೆ. ಉಜ್ಜುವ ಪದರ 0.5 ಮಿಮೀಗೆ ಇಳಿದರೆ ಬದಲಿಸಬೇಕು, ಆದರೆ ಘಾಟಿಗೆ ಹೊರಡುವ ಮುನ್ನ 1 ಮಿಮೀ ಇದ್ದರೂ ಬದಲಿಸಿಬಿಡಿ. ರೋಟರ್ ಹೊಸದಿರುವಾಗ 1.8 ಮಿಮೀ, 1.5ಕ್ಕೆ ಬಂದರೆ ಆಯಸ್ಸು ಮುಗಿಯಿತು. ಹೊಸ ಪ್ಯಾಡ್ ಹಾಕಿದ ಮೇಲೆ 30 ಕಿಮೀ ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಸಲ ನಯವಾಗಿ ಇಳಿಸಿ ಕೂರಿಸಿಕೊಳ್ಳಿ. ಆ ಕೆಲಸ ಮಾಡದೆ ನೆತ್ತಿಯಿಂದ ಇಳಿದರೆ ಪ್ಯಾಡಿನ ಮೇಲ್ಮೈ ಗಾಜಿನಂತಾಗಿ ಹಿಡಿತವೇ ಇರುವುದಿಲ್ಲ. ಮುಂದೆ 160 ಮಿಮೀ ವ್ಯಾಸದ ರೋಟರ್ ಕಡ್ಡಾಯ. ಸವಾರ 80 ಕೆಜಿ ಮೀರಿದರೆ, ಫ್ರೇಮ್ ಒಪ್ಪುವುದಾದರೆ ಹಿಂದೆಯೂ 160 ಇರಲಿ.

ಬೆಂಗಳೂರಿನಿಂದ ಡಬ್ಬಿಯಲ್ಲಿ ಕಟ್ಟಿ ತರುವವರು ಚಕ್ರ ಬಿಚ್ಚಿದ ಕೂಡಲೇ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಇಲ್ಲದಿದ್ದರೆ, ದಾರಿಯಲ್ಲಿ ಲಿವರ್ ಒತ್ತಿದಾಗ ಪ್ಯಾಡ್ ತಳ್ಳುವ ಪಿಸ್ಟನ್ ಮುಂದೆ ಬಂದು ರೋಟರ್ ಒಳಗೆ ಹೋಗುವುದಿಲ್ಲ. ರೋಟರ್‌ಗಳನ್ನೂ ಬಿಚ್ಚಿ ಬೇರೆ ಇಟ್ಟರೆ ಬಾಗುವ ಭಯವಿಲ್ಲ. ಮರಳಿ ಹಾಕುವಾಗ ರೋಟರ್ ಹಿಡಿದಿಡುವ ಸೆಂಟರ್‌ಲಾಕ್ ಬಳೆಯ ಬಿಗಿತವೂ 40 ನ್ಯೂಟನ್ ಮೀಟರೇ.

ಟೈರಿನ ಬಗ್ಗೆ ಒಂದೇ ಮಾತು: 28 ಅಥವಾ 30 ಮಿಮೀ. ಬೇಸಿಗೆಯಲ್ಲಿ ರಸ್ತೆಗೆ ಟಾರು ಬಳಿದು ಸಣ್ಣ ಜಲ್ಲಿ ಚೆಲ್ಲುತ್ತಾರೆ; 'ಗ್ರಾವಿಯೊಂ' ಎಂಬ ಫಲಕ ಕಂಡರೆ ತಿರುವಿಗೆ ಮೊದಲೇ ನಿಧಾನಿಸಿ.

ಈ ತಲೆಮಾರಿನ ಮೆಕ್ಯಾನಿಕಲ್ ಲಿವರ್‌ಗಳಲ್ಲಿ ನಿಗಾ ಬೇಡುವುದು ಬಲಗೈ ಗೇರ್ ಕೇಬಲ್. ಲಿವರ್‌ನೊಳಗೆ ಅದು ತೀರಾ ಬಿಗಿಯಾಗಿ ಬಾಗುವ ಜಾಗದಲ್ಲಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಏರಿನ ರಸ್ತೆಯಲ್ಲಿ ಗೇರ್ ಬದಲಾವಣೆ ಹೆಚ್ಚು, ಸವೆತವೂ ಹೆಚ್ಚು. ಗೇರ್ ಹೊಂದಿಕೆ ಕಾರಣವಿಲ್ಲದೆ ಮತ್ತೆ ಮತ್ತೆ ತಪ್ಪಿದರೆ ಅದೇ ಮುನ್ಸೂಚನೆ. ಪೂರ್ತಿ ಕಡಿದುಹೋದರೆ ಡಿರೇಲರ್ 11 ಹಲ್ಲಿಗೆ ಬಿದ್ದುಬಿಡುತ್ತದೆ; ಪ್ಲಾಂ ಲಾಶಾ ಬಳಿ ಹಾಗಾದರೆ ಮೇಲಕ್ಕೆ ಹೋಗುವ ಮಾತೇ ಇಲ್ಲ. ತುಂಡಾದ ತುದಿಯೂ ಒಳಗೆ ಸಿಕ್ಕಿಕೊಂಡು ಬಹಳ ಕಾಡುತ್ತದೆ. ವರ್ಷಕ್ಕೊಮ್ಮೆ, ಜೂನ್‌ಗೆ ಮುಂಚೆ ಬದಲಿಸಿಬಿಡಿ. ಚೈನನ್ನು ಮಾಪಕದಲ್ಲಿ ಶೇ. 0.5 ಹಿಗ್ಗಿದಾಗಲೇ ತೆಗೆದರೆ ಕ್ಯಾಸೆಟ್ ಉಳಿಯುತ್ತದೆ.

12 ವೇಗದ ಆರ್7100 ಬಂದ ಮೇಲೆ 11-36 ಕ್ಯಾಸೆಟ್ ಕೂಡ ಸಿಗುತ್ತದೆ. 34/36 ಈ ಕಣಿವೆಗೆ ಇನ್ನೂ ಸುಖ. ಹೊಸದಾಗಿ ಕೊಳ್ಳುವವರು ಅದನ್ನೇ ನೋಡಲಿ. ಈಗಾಗಲೇ ಆರ್7000 ಇರುವವರು ಬರೀ ಆ ಎರಡು ಹಲ್ಲಿಗಾಗಿ ಎಲ್ಲವನ್ನೂ ಬದಲಿಸುವುದು ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಡಿರೇಲರ್ ಜಿಎಸ್ ಹೌದೇ ನೋಡಿ, ರೋಟರ್ ದಪ್ಪ ಅಳೆಯಿರಿ, ಲಿವರ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹಿಡಿಯತ್ತ ಜಾರುತ್ತಾ ಹೋದರೆ ಎಲ್ಲೋ ಎಣ್ಣೆ ಸೋರುತ್ತಿದೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ.