ಮಕ್ಕಳ ಥೆರಪಿ ಅಂತ ಹನ್ನೆರಡು ಸೆಷನ್ ದುಡ್ಡು ಮೊದಲೇ ಕೇಳಿದರೆ ಎದ್ದು ಬನ್ನಿ

ದಾವಣಗೆರೆ, ಹರಿಹರ ಕಡೆಯವರು, ಅದರಲ್ಲೂ ಸಣ್ಣ ಮಕ್ಕಳಿರುವವರು ದಯವಿಟ್ಟು ಪೂರ್ತಿ ಓದಿ. ಬರೆಯಲು ನಾಚಿಕೆ ಆಗುತ್ತಿದೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಇಪ್ಪತ್ತು ಸಾವಿರದ ಸಾಲಕ್ಕೂ ಇಬ್ಬರ ಜಾಮೀನು ಕೇಳುತ್ತೇನೆ. ಆಧಾರ್‌ನಲ್ಲಿ ಇನಿಷಿಯಲ್ ಆಚೀಚೆ ಆಗಿದ್ದರೆ ವಾಪಸ್ ಕಳಿಸುತ್ತೇನೆ. ಮಗನನ್ನು ಒಪ್ಪಿಸುವಾಗ ಮಾತ್ರ ಒಂದು ಕಾಗದ ಕೇಳಲಿಲ್ಲ.

ದೀಪಾವಳಿ ಮುಗಿದ ವಾರ ನಮ್ಮ ಮನೆಯವರು, ಮಗ ಇಬ್ಬರೂ ಹರಿಹರದಿಂದ ಬೈಕಲ್ಲಿ ಬರುವಾಗ ದೊಡ್ಡಬಾತಿ ಹತ್ತಿರ ಲೈಟಿಲ್ಲದೆ ನಿಂತಿದ್ದ ಟ್ರ್ಯಾಕ್ಟರ್‌ಗೆ ಹೊಡೆದರು. ಅವರ ಕಾಲು ಮುರಿದು ರಾಡ್ ಹಾಕಿದರು. ಮಗನಿಗೆ ಮೊಣಕೈ ತರಚಿತ್ತು, ಅಷ್ಟೇ. ಬಚಾವಾದ ಅಂದುಕೊಂಡೆವು. ಎಂಟು ವರ್ಷದ ಹುಡುಗ. ಹದಿನೈದು ದಿನ ಕಳೆದ ಮೇಲೆ ರಾತ್ರಿ ಕಿರುಚಿಕೊಂಡು ಏಳಲು ಶುರು ಮಾಡಿದ. ಹಾಸಿಗೆ ಒದ್ದೆ ಮಾಡುತ್ತಿದ್ದ. ಆಟೋ ಹತ್ತಲೂ ಅಳು. ಅತ್ತೆ ದೃಷ್ಟಿ ತೆಗೆದರು, ದುಗ್ಗಮ್ಮನ ಗುಡಿಗೂ ಹೋಗಿ ಬಂದೆವು.

ಅಷ್ಟರಲ್ಲಿ ಅವನ ಶಾಲೆಯಲ್ಲಿ ಪೋಷಕರಿಗೆ ಒಂದು ಕಾರ್ಯಕ್ರಮ ಇತ್ತು. ಒಬ್ಬ ಮೇಡಂ ಬಂದು ಚೆನ್ನಾಗಿ ಮಾತಾಡಿದರು. ಮಕ್ಕಳು, ಸಂಸಾರ, ಆಘಾತ ಆದವರು, ಎಲ್ಲರಿಗೂ ಥೆರಪಿ ಕೊಡುತ್ತಾರಂತೆ. ಶಾಲೆಯವರೇ ಕರೆಸಿದ್ದಾರೆ ಅಂದ ಮೇಲೆ ಇನ್ನೇನು ಅಲ್ವಾ? ಮರುದಿನವೇ ಹೋದೆ. ಬೋರ್ಡಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ದೊಡ್ಡದಾಗಿ ಇತ್ತು. ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟು. ಆಮೇಲೆ ಹತ್ತಿರ ಹೋಗಿ ಓದಿದೆ, ಆದರೆ ಅದು ಆಮೇಲೆ.

ಹನ್ನೆರಡು ಸೆಷನ್‌ಗೆ 18,000, ಮೊದಲೇ ಕಟ್ಟಬೇಕು. ಕಟ್ಟಿದೆ. ‘ಬ್ರೈನ್ ರಿಪೋರ್ಟ್’ಗೆ ಬೇರೆ 4,500. ಮಗನ ಹತ್ತೂ ಬೆರಳಿನ ಗುರುತು ತೆಗೆದು ಎಡ ಮೆದುಳು ಇಷ್ಟು, ಬಲ ಮೆದುಳು ಅಷ್ಟು ಅಂತ ಬಣ್ಣದ ಪುಸ್ತಕ ಕೊಟ್ಟರು. ಬೆರಳಿನ ಗೆರೆ ನೋಡಿ ಮೆದುಳು ಹೇಳುವುದಕ್ಕೆ ವಿಜ್ಞಾನದ ಆಧಾರ ಏನೂ ಇಲ್ಲ. ಆಧಾರ್ ಸೆಂಟರಿನಲ್ಲಿ ಹೊಸ ಆಧಾರ್‌ಗೆ ಇದೇ ಕೆಲಸ ಬಿಟ್ಟಿಯಾಗಿ ಮಾಡುತ್ತಾರೆ.

ಮೊದಲ ಎರಡು ಸೆಷನ್‌ನಲ್ಲಿ ಚಿತ್ರ ಬರೆಸಿದರು. ಮೂರನೇ ಸಲ ನನ್ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದರು. ಅಮ್ಮ ಇದ್ದರೆ ಮಗು ಓಪನ್ ಆಗಲ್ಲವಂತೆ. ಕಣ್ಣು ಮುಚ್ಚಿಸಿ, ಬೈಕ್ ಸದ್ದು ಕೇಳಿಸಿ, ‘ಈಗ ಬೀಳ್ತಿದೀಯಾ, ನೋಡು’ ಅಂದರಂತೆ. ಮಗ ಮನೆಗೆ ಬಂದು ಹೇಳಿದ್ದು. ಹೊರಗೆ ಬಂದಾಗ ಅವನ ಚಡ್ಡಿ ಒದ್ದೆಯಾಗಿತ್ತು. ನಾನು ಬಾಗಿಲ ಆಚೆ ಮೊಬೈಲ್ ನೋಡುತ್ತಾ ಕೂತಿದ್ದೆ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ‘ಒಳಗಿದ್ದದ್ದು ಹೊರಗೆ ಬರ್ತಿದೆ, ಒಳ್ಳೇ ಲಕ್ಷಣ’ ಅಂದರು ಮೇಡಂ. ನಾನೂ ಒಪ್ಪಿಕೊಂಡೆ. ಒಪ್ಪಿಕೊಂಡೆ!

ಆದರೆ ನಿಜವಾಗಿ ಕಣ್ಣು ಬಿಟ್ಟಿದ್ದು ಮುಂದಿನ ಭಾನುವಾರ. ತರಕಾರಿ ಹೆಚ್ಚುತ್ತಾ ವಾಟ್ಸಾಪ್ ಸ್ಟೇಟಸ್ ನೋಡುತ್ತಿದ್ದೆ. ಮೇಡಂ ಸ್ಟೇಟಸ್‌ನಲ್ಲಿ ಒಂದು ಚಿತ್ರ. ಮಲಗಿದ ಬೈಕು, ಮನುಷ್ಯನಿಗಿಂತ ದೊಡ್ಡ ಚಕ್ರ, ಮೂಲೆಯಲ್ಲಿ ಒಂದೇ ಒಂದು ನೀಲಿ ಚಪ್ಪಲಿ. ಆವತ್ತು ನಮ್ಮವರ ಇನ್ನೊಂದು ಚಪ್ಪಲಿ ಸಿಕ್ಕಿರಲಿಲ್ಲ. ಕೆಳಗೆ ಬರೆದಿದ್ದರು: ‘ಅಪಘಾತದ ಆಘಾತ, 8 ವರ್ಷದ ಬಾಲಕ, ಮೂರೇ ಸೆಷನ್‌ನಲ್ಲಿ ಗುಣ. ಸೀಟು ಕಾಯ್ದಿರಿಸಿ.’ ಗುಣ ಅಂತೆ! ಹಿಂದಿನ ರಾತ್ರಿ ಎರಡು ಸಲ ಬೆಡ್‌ಶೀಟ್ ಬದಲಾಯಿಸಿದ್ದೆ.

ಫೋನ್ ಮಾಡಿದೆ. ‘ಹೆಸರು ಹಾಕಿಲ್ವಲ್ಲ ಮೇಡಂ?’ ಅಂದರು. ಅವನ ಕ್ಲಾಸಿನ ಅರ್ಧ ಜನ ತಾಯಂದಿರು ನಿಮ್ಮ ನಂಬರ್ ಇಟ್ಟುಕೊಂಡಿದ್ದಾರೆ, ಯಾರ ಮಗ ಅಂತ ಗೊತ್ತಾಗಲ್ವಾ ಅಂದೆ. ‘ಬೇರೆಯವರಿಗೆ ಸ್ಫೂರ್ತಿ ಆಗುತ್ತೆ.’ ದುಡ್ಡು ವಾಪಸ್ ಕೊಡಿ ಅಂದೆ. ‘ಪ್ಯಾಕೇಜ್‌ನಲ್ಲಿ ರೀಫಂಡ್ ಇಲ್ಲ. ನೀವು ತುಂಬಾ ಟೆನ್ಶನ್‌ನಲ್ಲಿದ್ದೀರಾ, ಉಳಿದ ಸೆಷನ್ ನೀವೇ ಬನ್ನಿ.’ ನನಗೇ ಥೆರಪಿಯಂತೆ!

ಆ ರಾತ್ರಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಮೇಡಂಗೆ ಆರ್‌ಸಿಐ ನೋಂದಣಿ ಇದೆಯಾ ಅಂತ ಕೇಳಿದರು. ನಾನು ಆ ಹೆಸರೇ ಕೇಳಿರಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಈ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿರಬೇಕು. 1992ರ ಕಾಯ್ದೆ. ನಂಬರ್ ಕೊಟ್ಟಿರುತ್ತಾರೆ, ನಾವೇ ಹುಡುಕಿ ನೋಡಬಹುದು. ಮಾರನೇ ದಿನ ಹೋಗಿ ಮೇಡಂ ಹತ್ತಿರ ನಂಬರ್ ಕೇಳಿದೆ. ಅವರ ಉತ್ತರ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: ‘ಅದು ಅಂಗವಿಕಲರಿಗೆ ಮೇಡಂ. ನಿಮ್ಮ ಮಗ ಅಂಗವಿಕಲನಾ?’

ಆಗ ಗೋಡೆ ಹತ್ತಿರ ಹೋಗಿ ಓದಿದ್ದು. ಎರಡು ದಿನದ ಹಿಪ್ನಾಸಿಸ್ ಶಿಬಿರ. ಆನ್‌ಲೈನ್ ಕೋರ್ಸ್. ಕೈಬರಹ ನೋಡಿ ಸ್ವಭಾವ ಹೇಳುವ ಕೋರ್ಸ್. ಒಂದು ಡಿಗ್ರಿ ಇತ್ತು, ಬಿ.ಕಾಂ. ನಂದೂ ಅದೇ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆ ಪಡೆಯುವವರ ವಿಷಯ ಗುಟ್ಟಾಗಿ ಇಡಬೇಕು ಅಂತ ಇದೆ. ಅದನ್ನು ಮೆಸೇಜ್ ಮಾಡಿದೆ. ಸ್ಟೇಟಸ್ ತೆಗೆದು ನನ್ನನ್ನು ಬ್ಲಾಕ್ ಮಾಡಿದರು. ಶಾಲೆಯವರು ‘ಅವರು ನಮ್ಮ ಸ್ಟಾಫ್ ಅಲ್ಲ’ ಅಂದು ಕೈ ತೊಳೆದುಕೊಂಡರು.

ನೀವು ನಂಬರ್ ಕೇಳಿ. ಮೊದಲ ದಿನವೇ ಕೇಳಿ. ಸಿಟ್ಟು ಮಾಡಿಕೊಂಡರೆ ಎದ್ದು ಬನ್ನಿ. ಪ್ಯಾಕೇಜ್ ಅಂದರಂತೂ ಕೂರಲೇಬೇಡಿ, ಇದೇನು ಟೂರಾ?

ಈಗ ದಾವಣಗೆರೆಯ ಸರ್ಕಾರಿ ಸಿ.ಜಿ. ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ. ಕ್ಯೂ ಜಾಸ್ತಿ, ಬೆಂಚೂ ಸಾಲಲ್ಲ. ಆದರೆ ಮೊದಲ ದಿನ ಬೀಳುವ ಮಾತೇ ಎತ್ತಲಿಲ್ಲ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ರಾತ್ರಿ ಏನು ಊಟ ಮಾಡಿದೆ, ಯಾರ ಹತ್ತಿರ ಮಲಗುತ್ತೀಯ ಅಂತ ಅವನನ್ನು ಮಾತಾಡಿಸಿದರು. ಹೋದ ವಾರ ಆಟೋ ಹತ್ತಿದ, ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡು.

18,000 ಹೋಗಲಿ ಅನ್ನಲ್ಲ, ಬಿಡಲ್ಲ, ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆಯುತ್ತಿದ್ದೇನೆ. ಆದರೆ ಮೊದಲು ನನ್ನ ಮಗನ ಚಿತ್ರ ವಾಪಸ್ ಬೇಕು. ಮೂರು ಸಲ ಆಳು ಕಳಿಸಿದೆ. ‘ಫೈಲಿನಲ್ಲಿದೆ, ಕೊಡಕ್ಕಾಗಲ್ಲ’ ಅಂತಾರೆ.